ಕೊಕ್ಕರೆ ಬೆಳ್ಳೂರು: ಮರ ಉಳಿದರಷ್ಟೇ ಸಾಲದು

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಕಾಡಿನಲ್ಲಲ್ಲ. ರೈತರ ಮನೆಯಂಗಳದ ಮರಗಳಲ್ಲಿ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಹಕ್ಕಿಗಳಿಗಾಗಿ ಹುಣಸೆ ಫಸಲು ಬಿಟ್ಟುಕೊಟ್ಟ ರೈತರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ನೀಡುವ ಪದ್ಧತಿ ಬೆಳೆದುಬಂದಿದೆ. 2007ರಲ್ಲಿ ಈ ತಾಣವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಆದರೂ 2017ರ ಡಿಸೆಂಬರ್ ನಂತರದ ಕೆಲವೇ ತಿಂಗಳಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡುಬಂದವು; ಕಲುಷಿತ ನೀರಿನ ಮೀನೇ ಮೂಲವೆಂಬ ಶಂಕೆ ವ್ಯಕ್ತವಾಯಿತು.

ಹಕ್ಕಿ ಮೀನು ಹಿಡಿಯುವುದು ಮೀಸಲು ಪ್ರದೇಶದ ಆಚೆಯ ಕೆರೆ, ಹೊಳೆಗಳಲ್ಲಿ. ಅಲ್ಲಿಗೆ ಗದ್ದೆಯ ರಸಗೊಬ್ಬರ, ಕೀಟನಾಶಕ, ಊರ ಕೊಳಚೆ ಹರಿದುಬರದಂತೆ ತಡೆಯುವುದೂ ಅಷ್ಟೇ ಮುಖ್ಯ. ಮರ ಕಾಯ್ದವರಿಗೆ ಸಲ್ಲುವ ಪರಿಹಾರ ನೀರು ಕಾಯುವ ರೈತರಿಗೂ ಸಲ್ಲಬೇಕು. ಇಲ್ಲವಾದರೆ ಮರ ಉಳಿದೀತು, ಗೂಡು ಬರಿದಾದೀತು.