ಶೂನ್ಯಪೀಠವೂ ಚೆಂಡಿನ ಬುಟ್ಟಿಯೂ

ಮೊನ್ನೆ ಹುಮನಾಬಾದಿನ ಮೈದಾನವೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ತಂಡವನ್ನಾರಿಸುತ್ತಿದ್ದ ತರುಣ ತರಬೇತುದಾರನೊಬ್ಬನು, 10 ಅಡಿಯೆತ್ತರದ ಬಳೆಯನ್ನೊಮ್ಮೆ ದಿಟ್ಟಿಸಿ, ನೀಳಕಾಯದ ಐವರನ್ನೇ ಸಾಲಾಗಿ ನಿಲ್ಲಿಸಿದುದನ್ನು ಕಂಡಾಗ, ನನ್ನ ಮನಸ್ಸು ಬಸವಕಲ್ಯಾಣದ ಹಾದಿಯನ್ನು ಹಿಡಿಯಿತು. 12ನೆಯ ಶತಮಾನದಲ್ಲಿ ಬಸವಣ್ಣನವರು ಅಲ್ಲಿ ಕೂಡಿಸಿದ ಅನುಭವಮಂಟಪದ ಬಳಗದಲ್ಲಿ ಬಟ್ಟೆಯನ್ನೊಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಹೀಗೆ ಒಬ್ಬರಂತೆ ಮತ್ತೊಬ್ಬರಿರಲಿಲ್ಲ. ಆ ವೈವಿಧ್ಯವೇ ಅದರ ಬಲವಾಗಿತ್ತು. ಆಟದಲ್ಲೂ ಅಷ್ಟೆ; ಚೆಂಡನ್ನು ನಡೆಸುವವನು, ದೂರದಿಂದ ಎಸೆಯುವವನು, ಬುಟ್ಟಿಯಡಿಯಲ್ಲಿ ಕಾಯುವವನು ಎಂಬ ಭಿನ್ನಧರ್ಮಗಳ ಸಾಮರಸ್ಯದಿಂದಲ್ಲದೆ ಕೇವಲ ಪ್ರತಿಭೆಯ ಮೊತ್ತದಿಂದ ತಂಡವು ಸಿದ್ಧಿಸದೆಂಬುದಕ್ಕೆ, ಎನ್‌ಬಿಎ ತಾರೆಗಳಿಂದಲೇ ತುಂಬಿದ್ದ ಅಮೆರಿಕದ ತಂಡವು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಕಂಚಿಗಿಳಿದುದೇ ಸಾಕ್ಷಿ. ಅಂಥ ಬಳಗವನ್ನು ಕೂಡಿಸಿಯೂ, ಮಂಟಪವನ್ನು ಕಟ್ಟಿದ ಬಸವಣ್ಣನವರು ಅದರ ಅಧ್ಯಕ್ಷಸ್ಥಾನವಾದ ಶೂನ್ಯಪೀಠವನ್ನು ಅಲ್ಲಮಪ್ರಭುವಿಗೊಪ್ಪಿಸಿ ತಾವು ಬದಿಗೆ ಸರಿದರೆಂದು ಪ್ರತೀತಿ. ತರಬೇತುದಾರನ ಆಸನವೂ ಗೆರೆಯ ಆಚೆಗೇ ಅಲ್ಲವೆ?