ಕಾಣದ ಕಡೆ ಖರ್ಚು ಮಾಡಿ, ಸ್ವಾಮಿ!

ನಾಗರಬಾವಿ ಎರಡನೇ ಹಂತದಲ್ಲಿ ಯಾವ ಅಡ್ಡರಸ್ತೆಗೆ ತಿರುಗಿದರೂ ಒಂದಲ್ಲ ಒಂದು ಮನೆ ಏಳುತ್ತಿರುತ್ತದೆ. ಅರ್ಧ ರಸ್ತೆಗೆ ಎಂ-ಸ್ಯಾಂಡ್ ಗುಡ್ಡೆ, ಚರಂಡಿ ಬಾಯಿಗೆ ಜಲ್ಲಿ, ಕಟ್ಟಡಕ್ಕೆ ಹಸಿರು ಪರದೆ, ಪರದೆ ಮೇಲೊಂದು ದೃಷ್ಟಿಬೊಂಬೆ. ಬೆಳಗ್ಗೆ ಬಸ್ ಸ್ಟಾಪಿಗೆ ಓಡುವವರು ಆ ಗುಡ್ಡೆ ಹತ್ತಿ ಇಳಿದೇ ಹೋಗಬೇಕು. ಹಾಗೆ ಹತ್ತಿ ಇಳಿಯುವವರಲ್ಲೇ ಎಷ್ಟೋ ಮಂದಿ, ಇವತ್ತಲ್ಲ ನಾಳೆ ತಮ್ಮದೂ ಒಂದು ಸೂರು ಆಗಲಿ ಅಂತ ಚೀಟಿ ಕಟ್ಟುತ್ತ, ಓವರ್‌ಟೈಮ್ ಮಾಡುತ್ತ ಇರುವವರು. ಈ ಮಾತು ಅವರಿಗಾಗಿ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು. ಮದುವೆಯ ಗದ್ದಲ ಮೂರು ದಿನಕ್ಕೆ ಮುಗಿಯುತ್ತದೆ. ಮನೆಯದು ಇಪ್ಪತ್ತು ವರ್ಷ ಬ್ಯಾಂಕಿನ ಕಂತಾಗಿ ಬೆನ್ನಿಗೆ ಬೀಳುತ್ತದೆ. ಹೀಗಿದ್ದೂ ನಮ್ಮ ಜನ ದುಡ್ಡು ಸುರಿಯೋದು ಎಲ್ಲಿ? ಬೀದಿಗೆ ಕಾಣುವ ಕಡೆ. ಮುಂಭಾಗದ ಅಲಂಕಾರ, ತೇಗದ ಬಾಗಿಲು, ಮೆಟ್ಟಿಲಿಗೆ ಗ್ರಾನೈಟು, ಹಾಲಿಗೆ ಫಾಲ್ಸ್ ಸೀಲಿಂಗು. ಕೈ ಬಿಗಿ ಹಿಡಿಯೋದು ಎಲ್ಲಿ? ವಕೀಲರ ಫೀಜಿನಲ್ಲಿ, ಎಂಜಿನಿಯರ್ ಫೀಜಿನಲ್ಲಿ, ಪಾಯದಲ್ಲಿ, ನೀರು ಹಾಕುವ ಕೂಲಿಯಲ್ಲಿ. ಅಂದರೆ ಯಾವುದು ಕೆಟ್ಟರೆ ಮತ್ತೆ ಸರಿ ಮಾಡೋಕಾಗಲ್ಲವೋ ಅದರಲ್ಲೇ ಉಳಿತಾಯ!

ಮೊದಲ ಪಾಯ ಕಾಗದದ್ದು

ನಾಗರಬಾವಿಯಲ್ಲಿ ಬಿ.ಡಿ.ಎ. ಬಡಾವಣೆ ಇದೆ, ಹಳೆಯ ಊರು ಇದೆ, ಸುತ್ತಮುತ್ತ ರೆವಿನ್ಯೂ ಜಮೀನಿನಲ್ಲಿ ಎದ್ದ ಬಡಾವಣೆಗಳೂ ಇವೆ. ಒಂದು ರಸ್ತೆ ದಾಟಿದರೆ ಕಾಗದದ ಜಾತಿಯೇ ಬೇರೆ. ಬಿ.ಡಿ.ಎ. ನಿವೇಶನವಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಶುದ್ಧ ಕ್ರಯಪತ್ರ ನೋಡಬೇಕು. ಉಳಿದದ್ದಕ್ಕೆ ತಾಯಿಪತ್ರದಿಂದ ಹಿಡಿದು ಇವತ್ತಿನವರೆಗೆ ಕೈಬದಲಾದ ಸರಪಳಿ, ಋಣಭಾರ ಪತ್ರ, ಖಾತೆ, ಕಂದಾಯ ರಸೀದಿ. ಬಿ.ಬಿ.ಎಂ.ಪಿ. ಇದ್ದ ಜಾಗಕ್ಕೆ 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ನಗರಪಾಲಿಕೆಗಳು ಬಂದಿವೆ. ಬೋರ್ಡು ಬದಲಾಯಿತು ನಿಜ, ನಿಮ್ಮ ಹಳೇ ಕಾಗದದಲ್ಲಿದ್ದ ತೂತು ತಾನಾಗಿ ಮುಚ್ಚಿಕೊಳ್ಳಲಿಲ್ಲ. ಖಾತೆಯಲ್ಲಿ ಹೆಸರು, ಅಳತೆ, ಚಕ್ಕುಬಂದಿ ಸರಿಯಿದೆಯೇ ಅಂತ ಗುದ್ದಲಿ ಪೂಜೆಗೆ ಮುಂಚೆಯೇ ನೋಡಿಕೊಳ್ಳಿ.

ಕಾಗದ ಅಂದರೆ ಇಷ್ಟೇ ಅಲ್ಲ. 2016ರ ಆಗಸ್ಟಿನಲ್ಲಿ ಅವನಿ ಶೃಂಗೇರಿ ನಗರದಲ್ಲಿ ನಡೆದದ್ದು ಮರೆಯಬೇಡಿ. ರಾಜಕಾಲುವೆ ಒತ್ತುವರಿ ಅಂತ ಜೆ.ಸಿ.ಬಿ. ಬಂದಾಗ, ಕೈಯಲ್ಲಿ ದಾಖಲೆ ಹಿಡಿದು ಸಾಲ ಕಟ್ಟುತ್ತಿದ್ದ ಸಂಸಾರಗಳೇ ಬೀದಿಯಲ್ಲಿ ನಿಂತಿದ್ದವು. ನಮ್ಮ ನಾಗರಬಾವಿಯೂ ವೃಷಭಾವತಿ ಕಣಿವೆಯ ಪ್ರದೇಶವೇ. ಇಳಿಜಾರು ಇದ್ದ ಕಡೆ ಹಿಂದೆ ಹಳ್ಳ ಇದ್ದೀತು. ಸರ್ವೆ ನಂಬರ್ ಹಿಡಿದು ಹಳೇ ಗ್ರಾಮನಕ್ಷೆ ತೆಗೆಸಿ ನೋಡಿ. ಸರಕಾರದ ‘ದಿಶಾಂಕ್’ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್ ಮೊಬೈಲಿನಲ್ಲೇ ಕಾಣುತ್ತದೆ. ಅಷ್ಟಕ್ಕೇ ನಿಲ್ಲದೆ ವಕೀಲರೊಬ್ಬರಿಗೂ ತೋರಿಸಿ. ಅವರಿಗೆ ಕೊಡುವ ಫೀಜು ನಿಮ್ಮ ಗೇಟಿನ ಬಣ್ಣದ ಖರ್ಚಿಗಿಂತ ಹೆಚ್ಚಾಗಲಾರದು.

ಅದೊಂದು ಅಡಿಯ ಆಸೆ

ಪ್ಲಾನಿನಲ್ಲಿ ಪಕ್ಕಕ್ಕೆ ಮೂರಡಿ ಬಿಟ್ಟಿರುತ್ತಾರೆ. ಕಟ್ಟುವಾಗ ಅದು ಎರಡಾಗುತ್ತದೆ, ಮೇಲಿನ ಅಂತಸ್ತಿಗೆ ಹೋಗುವಷ್ಟರಲ್ಲಿ ಒಂದು. ‘ಆಮೇಲೆ ಸಕ್ರಮ ಮಾಡಿಸ್ಕೊಂಡ್ರಾಯ್ತು ಬಿಡಿ ಸಾರ್’ ಅನ್ನೋ ಧೈರ್ಯ ಹೇಳುವವರು ಬೇಕಾದಷ್ಟು ಜನ. ಆ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲೇ ತಡೆ ಹಾಕಿತು. 2024ರ ಡಿಸೆಂಬರಿನಲ್ಲಿ ಅದೇ ಕೋರ್ಟು, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರು ಕೊಡಬೇಕು ಅಂತ ಹೇಳಿತು. ಆಮೇಲೆ 1200 ಚದರಡಿವರೆಗಿನ ನಿವೇಶನದ ಮನೆಗಳಿಗೆ ರಾಜ್ಯ ಸರಕಾರ ಸಡಿಲಿಕೆ ಕೊಟ್ಟಿದೆ. ಅದು ನಿಮ್ಮ ಮನೆಗೆ ಸಲ್ಲುತ್ತದೋ ಇಲ್ಲವೋ ಅಂತ ಕಚೇರಿಯಲ್ಲೇ ಕೇಳಿ ತಿಳಿದುಕೊಳ್ಳಿ, ಮೇಸ್ತ್ರಿಯನ್ನು ಕೇಳಬೇಡಿ.

ಅಂಗಡಿಯವರಿಗೆ ಇನ್ನೊಂದು ಆಸೆ. ಕೆಳಗೆ ಎರಡು ರೋಲಿಂಗ್ ಷಟರ್ ಎಳೆದುಬಿಟ್ಟರೆ ಬಾಡಿಗೆಯಲ್ಲೇ ಸಾಲ ತೀರುತ್ತದೆ ಅನ್ನೋದು. ವಾಸದ ಮನೆಗೆ ಅಂತ ಪ್ಲಾನ್ ತಗೊಂಡು ಅಂಗಡಿ ಮಾಡಿದರೆ ಕಂದಾಯ ಬೇರೆ, ಕರೆಂಟಿನ ದರ ಬೇರೆ, ಪಕ್ಕದವರ ಒಂದು ಅರ್ಜಿ ಬಿದ್ದರೆ ನೋಟೀಸು ಬೇರೆ. ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ.

ಮಣ್ಣೊಳಗೆ ಹೋಗುವ ದುಡ್ಡು

ಪಾಯಕ್ಕೆ ಹಾಕಿದ ದುಡ್ಡು ಮಣ್ಣುಪಾಲು ಅಂತ ಕೊರಗುವವರಿದ್ದಾರೆ. ಮನೆ ನಿಂತಿರೋದು ಆ ಮಣ್ಣುಪಾಲಿನ ಮೇಲೆಯೇ. ನಿಮ್ಮ ಸೈಟು ಗಟ್ಟಿ ನೆಲವೋ, ಯಾರೋ ಮನೆ ಕೆಡವಿದ ರಾವುಡೆ ತುಂಬಿ ಮಟ್ಟ ಮಾಡಿದ್ದೋ ಅನ್ನೋದು ಮೇಲಿಂದ ನೋಡಿದರೆ ಗೊತ್ತಾಗಲ್ಲ. ಅಗೆದಾಗ ಎಂಜಿನಿಯರ್ ಬಂದು ಗುಂಡಿಗೆ ಇಳಿದು ನೋಡಬೇಕು. ಎರಡು ಮೂರು ಅಂತಸ್ತು ಏರಿಸುವ ಯೋಚನೆ ಇದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ಮೂರು ಅಂತಸ್ತಿಗೆ ಹಾಕಿದ ಪಾಯದ ಮೇಲೆ ನಾಲ್ಕನೆಯದು, ಐದನೆಯದು ಏರಿಸಬೇಡಿ. 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ, ಅನುಮತಿ ಮೀರಿ ಏರಿಸುತ್ತಿದ್ದ ಕಟ್ಟಡ ಮಳೆಯಲ್ಲಿ ಕುಸಿದಾಗ ಸತ್ತವರು ಹೊಟ್ಟೆಪಾಡಿಗೆ ಬಂದಿದ್ದ ಕೆಲಸಗಾರರು.

ಮನೆಯ ನೆಲಮಟ್ಟದ ವಿಚಾರವೂ ಅಷ್ಟೇ ಮುಖ್ಯ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ವರ್ಷ ವರ್ಷಕ್ಕೂ ಮೇಲೇಳುತ್ತದೆ, ಮನೆ ಏಳಲ್ಲ. ಹಳೇ ಬಡಾವಣೆಗಳಲ್ಲಿ ಗೇಟಿನಿಂದ ಒಳಕ್ಕೆ ಮೆಟ್ಟಿಲು ಇಳಿಯುವ ಮನೆಗಳನ್ನು ನೋಡಿದವರಿಗೆ ಇದು ಗೊತ್ತು. ರಸ್ತೆಯ ನಡುಮಟ್ಟದಿಂದ ಒಂದೂವರೆ ಅಡಿಗೆ ಕಡಿಮೆ ಬೇಡ, ಎರಡೂವರೆ ಇದ್ದರೆ ನಿಶ್ಚಿಂತೆ.

ಕಬ್ಬಿಣದ ಕೆಳಗೆ ಕವರ್ ಬ್ಲಾಕ್ ಇಟ್ಟಿದ್ದಾರೋ ನೋಡಿ. ಮೇಲ್ಛಾವಣಿಗೆ 20 ಮಿಲಿಮೀಟರ್, ಕಂಬಕ್ಕೆ 40, ಪಾಯದ ಫುಟಿಂಗಿಗೆ 50. ಅಂಗೈಯಲ್ಲಿ ಹಿಡಿಯೋ ಈ ತುಂಡು ಇಲ್ಲದಿದ್ದರೆ ಕಂಬಿ ಕಾಂಕ್ರೀಟಿನ ಹೊರಮೈಗೆ ತಾಗಿ ತುಕ್ಕು ಹಿಡಿಯುತ್ತದೆ, ಹದಿನೈದು ಇಪ್ಪತ್ತು ವರ್ಷಕ್ಕೆ ಸೀಲಿಂಗ್ ಚೂರು ಚೂರಾಗಿ ಊಟದ ತಟ್ಟೆಗೆ ಉದುರುತ್ತದೆ. ಕಾಂಕ್ರೀಟ್ ಹಾಕುವ ಮುಂಚೆ ಕಂಬಿ ಕಟ್ಟಿದ್ದು, ಪೈಪು ಎಳೆದದ್ದು ಎಲ್ಲಕ್ಕೂ ಟೇಪು ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನಾಳೆ ಗೋಡೆಗೆ ಮೊಳೆ ಹೊಡೆಯುವಾಗ ಪೈಪ್ ತೂತಾಗೋದು ತಪ್ಪುತ್ತದೆ.

ನೀರು ಎರಡು ಕಡೆ ಕೆಲಸ ಮಾಡುತ್ತೆ

ಕಾಂಕ್ರೀಟು ಕಲಸುವಾಗ ನೀರು ಜಾಸ್ತಿಯಾದರೆ ಶತ್ರು, ಕಲಸಿ ಹಾಕಿದ ಮೇಲೆ ಕಡಿಮೆಯಾದರೆ ಶತ್ರು. ಐವತ್ತು ಕೆ.ಜಿ. ಸಿಮೆಂಟ್ ಚೀಲಕ್ಕೆ ಸುಮಾರು 25 ಲೀಟರ್ ನೀರು, ಮರಳಲ್ಲಿ ಇರೋ ತೇವವೂ ಅದರಲ್ಲೇ ಸೇರಿತು. ಕೆಲಸದವರಿಗೆ ಸಲೀಸಾಗಿ ಹರಿಯಲಿ ಅಂತ ಇನ್ನೊಂದು ಬಕೆಟ್ ಸುರಿಯೋದು, ರೆಡಿಮಿಕ್ಸ್ ಲಾರಿಗೂ ಪೈಪ್ ಹಿಡಿಯೋದು ದಿನಾ ನಡೆಯುವ ಕೆಲಸ. ಕಾಂಕ್ರೀಟಿನ ಬಲ ಅಲ್ಲೇ ತೊಳೆದು ಹೋಗುತ್ತದೆ.

ಹಾಕಿದ ಮೇಲೆ ಮೇಲ್ಛಾವಣಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಕಂಬಕ್ಕೆ ಗೋಣಿತಾಟು ಸುತ್ತಿ ನೆನೆಸಿ. ಈಗ ಮಾರುವ ಪಿ.ಪಿ.ಸಿ. ಸಿಮೆಂಟಿಗೆ ಹತ್ತು ದಿನ ಕನಿಷ್ಠ, ಹದಿನಾಲ್ಕು ದಿನ ಹಾಕಿದರೆ ಒಳ್ಳೆಯದು. ಇದಕ್ಕೆ ಒಬ್ಬ ಆಳಿನ ಕೂಲಿ ಬೇಕು. ‘ಬೆಳಗ್ಗೆ ಒಂದ್ಸಲ ಹಾಕಿದೀವಿ ಸಾರ್’ ಅನ್ನೋ ಮಾತಿಗೆ ತಲೆಯಾಡಿಸಬೇಡಿ, ಮಧ್ಯಾಹ್ನ ಹೋಗಿ ಗೋಣಿ ಮುಟ್ಟಿ ನೋಡಿ.

ನೀರು ಎಲ್ಲಿಂದ ತರೋದು ಅನ್ನೋದೂ ಮುಂಚೆ ಯೋಚಿಸಬೇಕು. 2024ರ ಮಾರ್ಚಿನ ಬರದಲ್ಲಿ ಜಲಮಂಡಳಿ, ಕಟ್ಟಡದ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಅಂತ ಹೇಳಿತ್ತು. ಬೇಸಿಗೆ ಹೊಸ್ತಿಲಲ್ಲಿ ತಾರಸಿ ಹಾಕಲು ಹೊರಟವರು ಟ್ಯಾಂಕರಿನ ಹಿಂದೆ ಓಡಬೇಕಾಗುತ್ತದೆ.

ಇನ್ನು ಮಳೆ. 30x40 ಮತ್ತು ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಹೊಸ ಮನೆ ಕಟ್ಟುವವರಿಗೆ ಮಳೆನೀರು ಕೊಯ್ಲು 2009ರಿಂದಲೇ ಕಡ್ಡಾಯ. ದಂಡದ ಭಯಕ್ಕೆ ಒಂದು ಪೈಪ್ ಇಳಿಸಿ ಕೈತೊಳೆದುಕೊಳ್ಳುವವರೇ ಜಾಸ್ತಿ. ಲೆಕ್ಕ ನೋಡಿ: ಬೆಂಗಳೂರಿಗೆ ವರ್ಷಕ್ಕೆ ಹೆಚ್ಚುಕಡಿಮೆ 970 ಮಿಲಿಮೀಟರ್ ಮಳೆ. ಸಾವಿರ ಚದರಡಿ ತಾರಸಿ ಮೇಲೆ ಬೀಳೋದು ಸುಮಾರು 90 ಸಾವಿರ ಲೀಟರ್. ಅರ್ಧ ಹಿಡಿದರೂ ಎಷ್ಟು ಟ್ಯಾಂಕರ್ ಉಳಿಯಿತು ನೀವೇ ಗುಣಿಸಿ. ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನವಿದೆ, ಒಮ್ಮೆ ಹೋಗಿ ಮಾದರಿಗಳನ್ನು ನೋಡಿ ಬನ್ನಿ. ಹೆಸರಿನಲ್ಲೇ ಬಾವಿ ಇರುವ ಊರಿನವರು ನೆಲಕ್ಕೊಂದು ಇಂಗುಬಾವಿ ಕೊಡದಿದ್ದರೆ ಹೇಗೆ?

ಬಚ್ಚಲು, ಶೌಚಾಲಯಗಳಿಗೆ ಟೈಲ್ಸ್ ಹಾಕುವ ಮುಂಚೆ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗೆ ನಿಂತು ತಲೆಯೆತ್ತಿ ನೋಡಿ. ಆಗ ಕಂಡ ಒದ್ದೆ ಸರಿ ಮಾಡೋಕೆ ಒಂದು ದಿನ ಸಾಕು. ಟೈಲ್ಸ್ ಹಾಕಿದ ಮೇಲೆ ಕಂಡರೆ ಎಲ್ಲಾ ಕಿತ್ತು ಹಾಕಬೇಕು.

ಬಾಯಿಮಾತಿನ ಕಂಟ್ರಾಕ್ಟು

‘ಚದರಕ್ಕೆ ಇಷ್ಟು’ ಅಂತ ಮಾತಾಡಿ ಕೈ ಕುಲುಕಿ ಬರುತ್ತೀರಿ. ಚದರದೊಳಗೆ ಸಂಪು ಸೇರಿತೆ? ಬಾಲ್ಕನಿ ಪೂರ್ತಿಯೋ ಅರ್ಧವೋ? ಕಾಂಪೌಂಡು, ಗೇಟು, ಮೆಟ್ಟಿಲ ಮೇಲಿನ ಹೆಡ್‌ರೂಮು ಯಾರ ಲೆಕ್ಕ? ಜಗಳ ಹುಟ್ಟೋದೇ ಇಲ್ಲಿ. ಯಾವ ಕಂಪನಿ ಕಬ್ಬಿಣ, ಯಾವ ಸಿಮೆಂಟು, ವೈರು, ನಲ್ಲಿ, ಟೈಲ್ಸಿಗೆ ಅಡಿಗೆ ಎಷ್ಟರವರೆಗೆ, ಎಲ್ಲವನ್ನೂ ಛಾಪಾ ಕಾಗದದಲ್ಲಿ ಬರೆಸಿ. ಹೆಚ್ಚುವರಿ ಕೆಲಸಕ್ಕೆ ಮೊದಲು ದರ ಬರೆದು ಸಹಿ, ಆಮೇಲೆ ಕೆಲಸ. ದುಡ್ಡು ಯಾವತ್ತೂ ಕೆಲಸಕ್ಕಿಂತ ಮುಂದೆ ಓಡಬಾರದು. ಕೊನೆಯ ನೂರಕ್ಕೆ ಐದು ಭಾಗ ಒಂದು ಮಳೆಗಾಲ ಕಳೆದ ಮೇಲೆ ಕೊಡೋದು ಅಂತ ಮೊದಲೇ ಒಪ್ಪಿಸಿಕೊಳ್ಳಿ.

ರೇರಾ ಇದೆಯಲ್ಲ ಅಂತ ಕೆಲವರು ನಂಬಿ ಕೂತಿದ್ದಾರೆ. ಅದು ಮನೆ, ಫ್ಲಾಟು, ಸೈಟು ಮಾರುವವರ ಮೇಲಿನ ಕಾಯಿದೆ. ನಿಮ್ಮ ಸೈಟಿನಲ್ಲಿ ನಿಮಗಾಗಿ ಕಟ್ಟುವ ಕಂಟ್ರಾಕ್ಟರ್ ಅದರ ಬಲೆಗೆ ಬೀಳುವುದಿಲ್ಲ. ಅಂಥ ಕಡೆ ನೆರವಿಗಿರೋದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಮನೆ ಕಟ್ಟಿಕೊಡೋದೂ ಅದರಲ್ಲಿ ‘ಸೇವೆ’ಯೇ. ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಆದರೆ ಅಲ್ಲಿ ಮೊದಲು ಕೇಳೋದು ಕರಾರುಪತ್ರ, ರಸೀದಿ.

ಸಾಮಾನು ನೀವೇ ತರಿಸಿ ಕೂಲಿ ಮಾತ್ರ ಕಂಟ್ರಾಕ್ಟ್ ಕೊಟ್ಟರೆ ಉಳಿತಾಯವಿದೆ, ಕಾಯಬೇಕಾದ ಹೊತ್ತೂ ಜಾಸ್ತಿ. ‘ಒಂದು ಲೋಡು’ ಅನ್ನೋ ಮಾತಿಗೆ ದುಡ್ಡು ಕೊಡಬೇಡಿ. ಟಿಪ್ಪರಿನ ಉದ್ದ, ಅಗಲ, ಮಾಲಿನ ಎತ್ತರ ಟೇಪು ಹಿಡಿದು ಗುಣಿಸಿ ಘನ ಅಡಿಗೆ ಕೊಡಿ. ತಕ್ಕಡಿ ಹಿಡಿದು ಬದುಕುವ ಅಂಗಡಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ, ವರ್ಷ ಇರುತ್ತದೆ, ಮೂರು ತಿಂಗಳು ದಾಟಿದ್ದು ಬೇಡ. 2025ರ ಸೆಪ್ಟೆಂಬರಿನಲ್ಲಿ ಸಿಮೆಂಟಿನ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ನಿಮ್ಮ ಕಂಟ್ರಾಕ್ಟರ್ ಅದಕ್ಕೂ ಹಿಂದಿನ ದರದಲ್ಲಿ ಎಸ್ಟಿಮೇಟ್ ಕೊಟ್ಟಿದ್ದರೆ ಬಾಯಿಬಿಟ್ಟು ಕೇಳಿ.

ಸಂಬಳದವರ ಲೆಕ್ಕ

ಬ್ಯಾಂಕಿನವರು ಸಾಲವನ್ನು ಒಂದೇ ಸಲ ಕೊಡುವುದಿಲ್ಲ. ಪಾಯ ಆದ ಮೇಲಿಷ್ಟು, ತಾರಸಿ ಆದ ಮೇಲಿಷ್ಟು. ಕೂಲಿಯವರು ಶನಿವಾರ ಸಂಜೆ ಕಾಯುತ್ತಾರೆ, ಬ್ಯಾಂಕು ಹದಿನೈದು ದಿನ ಬಿಟ್ಟು ಬರುತ್ತದೆ. ಈ ನಡುವಿನ ಕಂದರದಲ್ಲೇ ಜನ ಕೈಸಾಲಕ್ಕೆ, ಮೀಟರ್ ಬಡ್ಡಿಗೆ ಬೀಳೋದು. ಒಂದು ಹಂತದ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಶುರು ಮಾಡಿ. ನಲವತ್ತು ಲಕ್ಷದ ಅಂದಾಜಾದರೆ ಆರು ಲಕ್ಷ ಪಕ್ಕಕ್ಕಿಡಿ, ಅದು ಇಲ್ಲವೇ ಇಲ್ಲ ಅಂದುಕೊಳ್ಳಿ. ಮನೆ ಮುಗಿಯೋವರೆಗೂ ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಸಾಲದ ಬಡ್ಡಿ ಎರಡನ್ನೂ ಹೊರಬೇಕು ಅನ್ನೋದು ನೆನಪಿರಲಿ. ದುಡ್ಡು ಸಾಲದಿದ್ದರೆ ಒಂದು ಅಂತಸ್ತು ಗಟ್ಟಿಯಾಗಿ ಕಟ್ಟಿ, ಗ್ರಾನೈಟು ಬೋನಸ್ ಬಂದಾಗ ಹಾಕಿಸಬಹುದು. ವಾಸ್ತು ನೋಡಿಸುವವರು ಪ್ಲಾನ್ ಕಾಗದದ ಮೇಲಿರುವಾಗಲೇ ನೋಡಿಸಿ. ಎದ್ದ ಗೋಡೆ ಕೆಡವಿಸುವ ವಾಸ್ತು ಯಾರಿಗೂ ಶುಭವಲ್ಲ.

ಬೆಳಗ್ಗೆ ಬಸ್ಸಿಗೆ ಮುಂಚೆ ಅರ್ಧ ಗಂಟೆ, ಸಂಜೆ ಇಳಿದ ಮೇಲೆ ಅರ್ಧ ಗಂಟೆ ಸೈಟಿಗೆ ಹೋಗಿ. ಹೋದಾಗ ಒಂದು ನೋಟ್‌ಬುಕ್ಕಿನಲ್ಲಿ ಬಂದ ಚೀಲ, ಬಂದ ಆಳು, ಕೊಟ್ಟ ದುಡ್ಡು ಬರೆಯಿರಿ. ಕೆಲಸದವರಿಗೆ ಕುಡಿಯೋ ನೀರು, ಶೌಚಕ್ಕೊಂದು ಮರೆ, ತಲೆಗೆ ಹೆಲ್ಮೆಟ್ಟು ಇದೆಯೇ ಅಂತಲೂ ನೋಡಿ. ಅದು ಕಂಟ್ರಾಕ್ಟರ್ ತಲೆನೋವು ಅಂತ ದೂರ ನಿಲ್ಲುವುದು ಮನೆ ಯಜಮಾನನಿಗೆ ಶೋಭೆಯಲ್ಲ.

ಕಚೇರಿಯವರಿಗೂ ಒಂದು ಮಾತು

ಎಲ್ಲ ಬುದ್ಧಿಯನ್ನೂ ಕಟ್ಟುವವನಿಗೇ ಹೇಳಿ ಮುಗಿಸಿದರೆ ಅನ್ಯಾಯ. ಪಾಯದ ಗೆರೆ ಎಳೆದ ದಿನ ನಗರಪಾಲಿಕೆಯ ಎಂಜಿನಿಯರ್ ಬಂದು ಟೇಪು ಹಿಡಿದರೆ ತಪ್ಪು ಅಲ್ಲೇ ತಿದ್ದಬಹುದು, ಖರ್ಚು ಒಂದು ಚೀಲ ಸುಣ್ಣ. ಮೂರು ಅಂತಸ್ತು ಎದ್ದು ಬಣ್ಣ ಬಳಿದ ಮೇಲೆ ಬಂದು ನೋಟೀಸು ಅಂಟಿಸಿದರೆ ಒಂದು ಸಂಸಾರದ ಜೀವಮಾನದ ಗಳಿಕೆಗೇ ಕುತ್ತು. ಪಾಯದ ಮಟ್ಟದ ತಪಾಸಣೆ ದಿನಾಂಕ ಹಾಕಿ, ಸಹಿ ಮಾಡಿ ಮಾಲೀಕನ ಕೈಗೆ ಕೊಡುವ ಪದ್ಧತಿ ಬರಬೇಕು. ಯಾವ ಸೈಟಿಗೆ ಯಾವ ಕಾಗದ ಬೇಕು, ಎಷ್ಟು ಫೀಜು ಅನ್ನೋ ಪಟ್ಟಿಯನ್ನು ವಾರ್ಡ್ ಕಚೇರಿಯ ಬಾಗಿಲಿಗೆ ಕನ್ನಡದಲ್ಲಿ ಹಾಕಲಿ. ಸಂಬಳದ ಕೆಲಸದವರಿಗಾಗಿ ವಾರಕ್ಕೊಂದು ಸಂಜೆ ಕೌಂಟರ್ ತೆರೆದಿರಲಿ. ಜೊತೆಗೆ ಆ ಮರಳಗುಡ್ಡೆಗಳನ್ನು ರಸ್ತೆಯಿಂದ ಸೈಟಿನೊಳಗೆ ತಳ್ಳಿಸಲಿ. ಕತ್ತಲಲ್ಲಿ ಅದರ ಮೇಲೆ ಸ್ಕೂಟರ್ ಜಾರಿ ಬೀಳುವವನು ಕೂಡ ಕಂದಾಯ ಕಟ್ಟುವವನೇ.

ಗೃಹಪ್ರವೇಶಕ್ಕೆ ಬಂದವರು ಗ್ರಾನೈಟು ನೋಡಿ ಹೊಗಳುತ್ತಾರೆ, ಹೋಳಿಗೆ ಊಟ ಮಾಡಿ ಹೋಗುತ್ತಾರೆ. ಪಾಯ ಹೇಗಿದೆ, ಕಾಗದ ಹೇಗಿದೆ ಅಂತ ಅವರ್‍ಯಾರೂ ಕೇಳುವುದಿಲ್ಲ. ಮೊದಲ ಜೋರು ಮಳೆ ಕೇಳುತ್ತದೆ, ಸಾಲಕ್ಕೆ ಹೋದಾಗ ಬ್ಯಾಂಕು ಕೇಳುತ್ತದೆ, ಮುಂದೊಂದು ದಿನ ಆ ಮನೆಯನ್ನು ಪಾಲು ಮಾಡಿಕೊಳ್ಳುವ ಮಕ್ಕಳು ಕೇಳುತ್ತಾರೆ. ಅವರಿಗೆಲ್ಲ ಉತ್ತರ ಈಗಲೇ ಸಿದ್ಧ ಮಾಡಿಟ್ಟುಕೊಂಡು ಗುದ್ದಲಿ ಹಾಕಿ.