ಸ್ಟ್ರಾಂಗ್ ಎನ್ನುವುದು ರುಚಿಯ ಹೆಸರಲ್ಲ

"ಕುಡಿಯುವುದೇನು ಬಂತು ಮಾರಾಯರೇ, ಬರೇ ಒಂದು ಬೀರು!" ಈ ಮಾತನ್ನು ಕೇಳದ ಮುಂಬಯಿ ಕನ್ನಡಿಗರು ವಿರಳ. ಆಫೀಸಿನ ಪಿಕ್‌ನಿಕ್ಕಿನಲ್ಲಿ, ಲೋನಾವಳದ ಬಾಡಿಗೆ ಬಂಗಲೆಯಲ್ಲಿ, ಕ್ರಿಕೆಟ್ ಮ್ಯಾಚಿನ ದಿನ ಗೆಳೆಯನ ಹಾಲ್‌ನಲ್ಲಿ ಇದು ಕೇಳಿಬರುತ್ತದೆ. ವಿಸ್ಕಿ ಕುಡಿದವನು ಕುಡುಕ, ಬೀರು ಕುಡಿದವನು ಸಭ್ಯ ಎಂಬ ಒಂದು ಅಲಿಖಿತ ಶಾಸ್ತ್ರ ನಮ್ಮಲ್ಲಿದೆ. ಬೇಸಗೆಯಲ್ಲಂತೂ ಅದು ಮಜ್ಜಿಗೆಯ ದೂರದ ಸಂಬಂಧಿಯೇ ಸರಿ, ದೇಹಕ್ಕೆ ತಂಪು ಎನ್ನುವವರೂ ಇದ್ದಾರೆ.

ಸಂಘದ ಪತ್ರಿಕೆಯಲ್ಲಿ ಇದೆಂಥ ವಿಷಯ ಎಂದು ಕೆಲವು ಹಿರಿಯ ಓದುಗರು ಹುಬ್ಬೇರಿಸಬಹುದು. ಅವರಲ್ಲಿ ನನ್ನದೊಂದು ಅರಿಕೆ. ಈ ನಗರದಲ್ಲಿ ನಮ್ಮವರು ಇಡ್ಲಿ, ದೋಸೆ ಮಾರಿ ಹೆಸರು ಮಾಡಿದಷ್ಟೇ ಪರ್ಮಿಟ್ ರೂಮು ನಡೆಸಿಯೂ ಬಾಳು ಕಟ್ಟಿಕೊಂಡಿದ್ದಾರೆ. ಕುಡಿಯುವವನ ಕೈಯಲ್ಲಿಯೂ ಸರಕಾರದ ಪರವಾನಗಿ ಇರಬೇಕೆಂದು ವಿಧಿಸಿದ 1949ರ ಮುಂಬಯಿ ಪಾನನಿರೋಧ ಕಾಯಿದೆಯ ದೆಸೆಯಿಂದ ಬಂದ ಹೆಸರದು. ಊರಿನಿಂದ ಬಂದು, ಹಗಲು ಗ್ಲಾಸು ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಎಷ್ಟೋ ಮಂದಿ ನಮ್ಮ ನಡುವೆ ಇದ್ದಾರೆ. ಅನ್ನ ಕೊಟ್ಟ ಪದಾರ್ಥದ ಬಗ್ಗೆ ನಾಲ್ಕು ಮಾತು ತಿಳಿದುಕೊಂಡರೆ ತಪ್ಪಿಲ್ಲ. ಅಲ್ಲದೆ, ತಿಳಿಯದೆ ಕುಡಿಯುವುದರಿಂದ ಆಗುವ ಅನಾಹುತ ತಿಳಿದುಕೊಳ್ಳುವುದರಿಂದ ಆಗುವುದಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ. ನಮ್ಮಲ್ಲಿ ಮೈಲ್ಡ್ ಎಂದು ಮಾರುವ ಬೀರಿನಲ್ಲಿ ಮದ್ಯಸಾರ ಶೇಕಡಾ 5ರ ಒಳಗೆ. ಸ್ಟ್ರಾಂಗ್ ಎಂಬುದರಲ್ಲಿ 5ರಿಂದ 8. ಒಂದು ದೊಡ್ಡ ಬಾಟಲಿ ಎಂದರೆ 650 ಮಿಲಿಲೀಟರ್. ಶೇಕಡಾ 8ರ ಬಾಟಲಿಯೊಂದನ್ನು ಮುಗಿಸಿದವನ ಹೊಟ್ಟೆಗೆ ಹೋದ ಶುದ್ಧ ಮದ್ಯಸಾರ 52 ಮಿಲಿಲೀಟರ್. ಈಗ ವಿಸ್ಕಿಯನ್ನು ನೋಡಿ: ನಮ್ಮ ದೇಶದ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇಕಡಾ 42.8. ಲಾರ್ಜ್ ಎಂದು ಕರೆಯುವ 60 ಮಿಲಿಲೀಟರ್ ಪೆಗ್ಗಿನಲ್ಲಿ ಇರುವುದು ಸುಮಾರು 26 ಮಿಲಿಲೀಟರ್. ಅಂದರೆ, ಬರೇ ಒಂದು ಬೀರು ಕುಡಿದ ನಮ್ಮ ಸಭ್ಯ ಗೃಹಸ್ಥ ಎರಡು ಲಾರ್ಜ್ ವಿಸ್ಕಿ ಕುಡಿದವನ ಪಕ್ಕದಲ್ಲಿಯೇ ಕುಳಿತಿದ್ದಾನೆ. ಅವನು ಎರಡನೆಯ ಬಾಟಲಿ ತರಿಸಿ, ಆಮೇಲೆ ಸ್ಕೂಟರಿನ ಕೀಲಿ ಹುಡುಕಿದರೆ ಕಥೆ ಎಲ್ಲಿಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ಮಾರಾಟವಾಗುವ ಬೀರಿನಲ್ಲಿ ಬಹುಪಾಲು ಈ ಸ್ಟ್ರಾಂಗ್ ಜಾತಿಯದೇ. ಕೊಟ್ಟ ಕಾಸಿಗೆ ಹೆಚ್ಚು ಅಮಲು ಎಂಬ ಲೆಕ್ಕಾಚಾರ ಇದರ ಹಿಂದಿದೆ. ಹೀಗಾಗಿ ಬೀರಿಗೆ ಎರಡೇ ಬಗೆ, ಒಂದು ಮೈಲ್ಡ್, ಇನ್ನೊಂದು ಸ್ಟ್ರಾಂಗ್ ಎಂದು ನಾವು ನಂಬಿಕೊಂಡುಬಿಟ್ಟಿದ್ದೇವೆ. ಕಾಫಿಯಲ್ಲಿ ಪೀಬೆರಿ, ಪ್ಲಾಂಟೇಶನ್, ಚಿಕೋರಿಯ ಪಾಲು ಎಷ್ಟು ಎಂದೆಲ್ಲ ವಾದ ಮಾಡುವ ನಾವು ಬೀರಿನ ಮಟ್ಟಿಗೆ "ಎಷ್ಟು ಏರುತ್ತದೆ?" ಎಂಬ ಒಂದೇ ಪ್ರಶ್ನೆ ಕೇಳುತ್ತೇವೆ. ರುಚಿ ಕೇಳುವವನು ನಿಧಾನವಾಗಿ ಕುಡಿಯುತ್ತಾನೆ, ಅಮಲು ಕೇಳುವವನು ಬೇಗ ಕುಡಿಯುತ್ತಾನೆ. ಈ ಲೇಖನದ ತಿರುಳು ಇಷ್ಟೇ.

ಹಾಗಾದರೆ ಬೀರಿನ ರುಚಿ ಎಲ್ಲಿಂದ ಬರುತ್ತದೆ? ನಾಲ್ಕು ವಸ್ತುಗಳಿಂದ: ಧಾನ್ಯ, ಹಾಪ್ಸ್, ಯೀಸ್ಟ್ ಮತ್ತು ನೀರು.

ಧಾನ್ಯವೆಂದರೆ ಮುಖ್ಯವಾಗಿ ಬಾರ್ಲಿ, ನಮ್ಮ ಜವೆಗೋದಿ. ಅದನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹುರಿಯುತ್ತಾರೆ. ಇದೇ ಮಾಲ್ಟ್. ಮಗುವಿಗೆ ರಾಗಿಮಾಲ್ಟ್ ಮಾಡಿದ ಯಾವ ತಾಯಿಗೂ ಇದು ಹೊಸ ವಿದ್ಯೆಯಲ್ಲ. ಮೊಳಕೆಯೊಡೆದಾಗ ಕಾಳಿನ ಪಿಷ್ಟವನ್ನು ಸಕ್ಕರೆಯಾಗಿಸುವ ಶಕ್ತಿ ಹುಟ್ಟುತ್ತದೆ. ಎಳೆಯದಾಗಿ ಹುರಿದರೆ ಬೀರು ಒಣಹುಲ್ಲಿನ ಬಣ್ಣ, ಬಿಸ್ಕತ್ತಿನ ಪರಿಮಳ. ಕಪ್ಪಾಗುವವರೆಗೆ ಹುರಿದರೆ ಕಾಫಿಯ ಬಣ್ಣ, ಕಾಫಿಯದೇ ಕಹಿ. ಬಣ್ಣ ಹುರಿದದ್ದರ ಗುರುತೇ ಹೊರತು ಅಮಲಿನ ಗುರುತಲ್ಲ. ಡಬ್ಲಿನ್‌ನ ಕರಿ ಗಿನ್ನೆಸ್ ಡ್ರಾಫ್ಟಿನಲ್ಲಿ ಮದ್ಯಸಾರ ಶೇಕಡಾ 4.2 ಮಾತ್ರ. ನಮ್ಮ ಹೊನ್ನಿನ ಬಣ್ಣದ ಸ್ಟ್ರಾಂಗ್ ಅದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ.

ಹಾಪ್ಸ್ ಎಂಬುದು ಒಂದು ಬಳ್ಳಿಯ ಹೆಣ್ಣು ಹೂ. ಮಾಲ್ಟಿನ ಸಿಹಿಗೆ ಕಹಿಯನ್ನು ಎದುರಾಗಿ ನಿಲ್ಲಿಸುವುದು, ಪರಿಮಳ ಕೊಡುವುದು, ಬೇಗ ಕೆಡದಂತೆ ಕಾಯುವುದು ಅದರ ಕೆಲಸ. ಯುಗಾದಿಯ ಬೇವು-ಬೆಲ್ಲ ತಿಂದವರಿಗೆ ಬೀರಿನ ಈ ಸಿಹಿ-ಕಹಿ ತಕ್ಕಡಿ ಸುಲಭವಾಗಿ ಅರ್ಥವಾಗಬೇಕು. ಹಾಗಲಕಾಯಿಯ ಗೊಜ್ಜು ಮೆಚ್ಚುವ ನಾಲಗೆ ಹಾಪ್ಸ್‌ನ ಕಹಿಗೆ ಹೆದರಬೇಕಾದ್ದಿಲ್ಲ.

ಇನ್ನು ಯೀಸ್ಟ್. ಶೇಂದಿ ಹಾಕಿ ಸಾನ್ನ ಉಬ್ಬಿಸುತ್ತಿದ್ದ ನಮ್ಮ ಕರಾವಳಿಯವರಿಗೆ ಇದರ ಪರಿಚಯ ಹಳೆಯದು. ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಗುಳ್ಳೆಯನ್ನೂ ಬಿಡುವ ಜೀವಾಣು ಇದು. 1516ರಲ್ಲಿ ಜರ್ಮನಿಯ ಬವೇರಿಯದ ದೊರೆ, ಬೀರಿಗೆ ಬಾರ್ಲಿ, ಹಾಪ್ಸ್, ನೀರು ಮೂರನ್ನುಳಿದು ಬೇರೇನೂ ಸೇರಬಾರದೆಂದು ಕಟ್ಟಳೆ ಹೊರಡಿಸಿದಾಗ ಅದರಲ್ಲಿ ಯೀಸ್ಟಿನ ಹೆಸರೇ ಇರಲಿಲ್ಲ. ಅದು ಏನೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಲೂಯಿ ಪಾಶ್ಚರ್ ಬೀರಿನ ಬಗೆಗಿನ ತನ್ನ ಸಂಶೋಧನೆಗಳನ್ನು ಗ್ರಂಥವಾಗಿ ಪ್ರಕಟಿಸಿದ್ದು 1876ರಲ್ಲಿ.

ಬೀರಿನ ಕುಲಗೋತ್ರ ನಿಶ್ಚಯವಾಗುವುದು ಹೆಚ್ಚಾಗಿ ಈ ಯೀಸ್ಟಿನಿಂದಲೇ. ಸ್ವಲ್ಪ ಬೆಚ್ಚಗೆ, ಸುಮಾರು 15ರಿಂದ 24 ಡಿಗ್ರಿಯಲ್ಲಿ, ಬೇಗ ಹುದುಗುವುದು ಏಲ್ ಕುಲ. ಅದರಲ್ಲಿ ಹಣ್ಣಿನ, ಸಂಬಾರದ ವಾಸನೆಗಳು ಹುಟ್ಟುತ್ತವೆ. ತಂಪಿನಲ್ಲಿ, ಸುಮಾರು 7ರಿಂದ 13 ಡಿಗ್ರಿಯಲ್ಲಿ, ನಿಧಾನವಾಗಿ ಹುದುಗಿ ವಾರಗಟ್ಟಲೆ ಮಾಗುವುದು ಲಾಗರ್ ಕುಲ; ಅದು ಶುಭ್ರ, ತಿಳಿ. ಜರ್ಮನ್ ಭಾಷೆಯಲ್ಲಿ ಲಾಗರ್ ಎಂದರೆ ದಾಸ್ತಾನು ಎಂದೇ ಅರ್ಥ.

ನಮ್ಮ ಪರ್ಮಿಟ್ ರೂಮುಗಳಲ್ಲಿ ಸಿಗುವ ಬಾಟಲಿಗಳೆಲ್ಲ ಬಹುತೇಕ ಈ ಲಾಗರ್ ಮನೆತನದವೇ. ಇವುಗಳ ಮೂಲಪುರುಷ ಹುಟ್ಟಿದ್ದು ಇಂದಿನ ಚೆಕ್ ದೇಶದ ಪಿಲ್ಸೆನ್ ಪಟ್ಟಣದಲ್ಲಿ. 1838ರಲ್ಲಿ ಅಲ್ಲಿಯ ಜನ ಕೆಟ್ಟ ಬೀರಿನಿಂದ ರೋಸಿಹೋಗಿ 36 ಪೀಪಾಯಿಗಳನ್ನು ಪುರಭವನದ ಮುಂದೆಯೇ ಚೆಲ್ಲಿದರು. ಬಳಿಕ ಊರವರೇ ಕೂಡಿ ಹೊಸ ಭಟ್ಟಿ ಕಟ್ಟಿ, ಬವೇರಿಯದಿಂದ ಯೋಸೆಫ್ ಗ್ರೋಲ್ ಎಂಬ ಕಸುಬುದಾರನನ್ನು ಕರೆಸಿಕೊಂಡರು. ಅವನು 1842ರ ಅಕ್ಟೋಬರದಲ್ಲಿ ಇಳಿಸಿದ ಬೀರು ಹೊಳೆಯುವ ಹೊಂಬಣ್ಣದ್ದಾಗಿತ್ತು. ಪಿಲ್ಸ್‌ನರ್ ಎಂದು ಜಗತ್ತು ಕರೆದದ್ದು ಅದನ್ನೇ. ಅದರ ಮೃದು ನೀರು, ಹೂವಿನ ಪರಿಮಳದ ಹಾಪ್ಸ್, ಬಾಯಲ್ಲಿ ಉಳಿಯುವ ಚೊಕ್ಕ ಕಹಿ ಇಂದಿಗೂ ಪ್ರಸಿದ್ಧ. ನಮ್ಮ ಸ್ಟ್ರಾಂಗ್ ಅದರ ಮರಿಮಗನೇ ಹೌದು. ಆದರೆ ಅಕ್ಕಿ, ಮೆಕ್ಕೆಜೋಳ, ಸಕ್ಕರೆ ಸೇರಿಸಿ ಮದ್ಯಸಾರ ಹೆಚ್ಚಿಸುವ ಭರದಲ್ಲಿ ಮಾಲ್ಟಿನ ಸ್ವಾದ ತೆಳುವಾಗಿ, ಗಂಟಲ ಉರಿ ಮಾತ್ರ ದಪ್ಪವಾಗಿದೆ. ಆ ಉರಿ ತಿಳಿಯದಿರಲೆಂದೇ ಅದನ್ನು ಹಿಮದಂತೆ ತಣ್ಣಗೆ ಮಾಡಿ ಕೊಡುವುದು. ಬವೇರಿಯದ ಡಾಪಲ್‌ಬಾಕ್‌ನಂಥ ಬಲವಾದ ಬೀರುಗಳೂ ಉಂಟು. ಅಲ್ಲಿ ಬಲ ಬರುವುದು ಧಾರಾಳವಾಗಿ ಸುರಿದ ಮಾಲ್ಟಿನಿಂದ; ಹಾಗಾಗಿ ಅದರ ಜೊತೆಗೇ ರುಚಿಯೂ ಬರುತ್ತದೆ.

ಏಲ್ ಕುಲದಲ್ಲಿ ಮೂರು ಮನೆಗಳ ಪರಿಚಯ ಸಾಕು. ಮೊದಲನೆಯದು ಗೋದಿ ಬೀರು. ಬವೇರಿಯದ ಪದ್ಧತಿಯಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಗೋದಿಯ ಮಾಲ್ಟ್ ಇರುತ್ತದೆ. ಮೂಗಿಗೆ ಹಿಡಿದರೆ ಬಾಳೆಹಣ್ಣು ಮತ್ತು ಲವಂಗದ ವಾಸನೆ. ಬಾಳೆಹಣ್ಣನ್ನಾಗಲಿ ಲವಂಗವನ್ನಾಗಲಿ ಯಾರೂ ಹಾಕಿರುವುದಿಲ್ಲ, ಎಲ್ಲ ಯೀಸ್ಟಿನ ಕರಾಮತ್ತು. ಬೆಲ್ಜಿಯಂ ಪದ್ಧತಿಯ ಗೋದಿ ಬೀರಿಗೆ ಮಾತ್ರ ನಿಜವಾಗಿಯೇ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಮನೆಯಲ್ಲಿ ಸಾರಿನ ಪುಡಿ ಹುರಿಯುವವರು ಅದನ್ನು ಥಟ್ಟನೆ ಗುರುತಿಸಬಲ್ಲರು.

ಎರಡನೆಯದು ಇಂಡಿಯಾ ಪೇಲ್ ಏಲ್. ಹೆಸರಿನಲ್ಲೇ ನಮ್ಮ ದೇಶವಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಹಾಡ್ಜ್‌ಸನ್, ಮುಂದೆ 1820ರ ದಶಕದಿಂದ ಬರ್ಟನ್ ಪಟ್ಟಣದ ಭಟ್ಟಿಗಳು, ಕಂಪೆನಿ ಸರಕಾರದ ಬಿಳಿಯರಿಗಾಗಿ ಮುಂಬಯಿ, ಮದರಾಸು, ಕಲ್ಕತ್ತೆಗಳಿಗೆ ಬೀರು ಕಳಿಸುತ್ತಿದ್ದರು. ಹಡಗು ಆಫ್ರಿಕದ ತುದಿ ಸುತ್ತಿ ತಿಂಗಳುಗಟ್ಟಲೆ ಬರಬೇಕು. ಕೆಡದಿರಲೆಂದು ಹಾಪ್ಸ್ ಹೆಚ್ಚು ಹಾಕಿದರು. ಈ ಬೀರೊಂದೇ ಪ್ರಯಾಣ ತಾಳಿತೆಂಬುದು ಕಟ್ಟುಕಥೆ. ಕರಿಯ ಪೋರ್ಟರ್ ಕೂಡ ಅದೇ ಹಡಗುಗಳಲ್ಲಿ ಬರುತ್ತಿತ್ತು. ಈಗಿನ ಐಪಿಎ ಕಹಿಯ ಜೊತೆಗೆ ನಿಂಬೆ, ಮಾವು, ಪೈನ್ ಮರದಂಥ ಪರಿಮಳಗಳನ್ನು ಹೊತ್ತಿರುತ್ತದೆ. ಮೊದಲ ಗುಟುಕಿಗೆ ಮುಖ ಸಿಂಡರಿಸಿದವರು ಮೂರನೆಯದಕ್ಕೆ ಒಲಿಯುವುದುಂಟು.

ಮೂರನೆಯದು ಆ ಪೋರ್ಟರ್ ಮತ್ತು ಅದರ ತಮ್ಮ ಸ್ಟೌಟ್. ಲಂಡನ್ನಿನ ಹಮಾಲರ ಮೆಚ್ಚಿನ ಪಾನೀಯವಾದ್ದರಿಂದ ಪೋರ್ಟರ್ ಎಂಬ ಹೆಸರು. ಹುರಿದ ಬಾರ್ಲಿಯ ಘಮ, ಕಾಫಿ ಮತ್ತು ಚಾಕೊಲೇಟಿನ ಕಹಿ. ಫಿಲ್ಟರ್ ಕಾಫಿಯ ಮಂದಿಗೆ ಬೀರಿನ ಲೋಕದಲ್ಲಿ ಇದಕ್ಕಿಂತ ಹತ್ತಿರದ ನೆಂಟ ಇಲ್ಲ.

ಇವೆಲ್ಲ ನಮಗೆಲ್ಲಿ ಸಿಗಬೇಕು ಎಂಬ ಕಾಲ ಹೋಯಿತು. ಪುಣೆಯಲ್ಲಿ 2009ರಲ್ಲಿ, ಆಮೇಲೆ ಬೆಂಗಳೂರಿನಲ್ಲಿ ತಮ್ಮಲ್ಲೇ ಬೀರು ತಯಾರಿಸಿ ಬಡಿಸುವ ಸಣ್ಣ ಭಟ್ಟಿಗಳು ಶುರುವಾದವು. ಈಗ ಮುಂಬಯಿಯಲ್ಲೂ ಹಲವಿವೆ. ಅವುಗಳಲ್ಲಿ ಹೆಚ್ಚಿನ ಕಡೆ ನಾಲ್ಕಾರು ಪುಟ್ಟ ಲೋಟಗಳಲ್ಲಿ ಬೇರೆ ಬೇರೆ ಬೀರು ಜೋಡಿಸಿದ ಹಲಗೆಯೊಂದನ್ನು ತಂದಿಡುತ್ತಾರೆ. ಮನೆಯಲ್ಲಿಯೂ ಇದನ್ನು ಮಾಡಬಹುದು: ಐದು ಮಂದಿ ಗೆಳೆಯರು, ನಾಲ್ಕು ಬಗೆಯ ಸಣ್ಣ ಬಾಟಲಿ, ತಲೆಗೆ ಪ್ರತಿಯೊಂದರಿಂದ 60 ಮಿಲಿಲೀಟರ್. ಶೇಕಡಾ 5ರ ಬೀರಾದರೆ ಒಬ್ಬನ ಪಾಲಿಗೆ ಬರುವ ಮದ್ಯಸಾರ ಒಟ್ಟು 12 ಮಿಲಿಲೀಟರ್, ಒಂದು ಲಾರ್ಜಿನ ಅರ್ಧಕ್ಕಿಂತ ಕಡಿಮೆ. ಇಡೀ ಸಂಜೆಯ ಮಾತಿಗೆ ಅಷ್ಟು ಸಾಕು.

ಕ್ರಮ ಹೀಗಿರಲಿ. ಲೋಟದಲ್ಲಿ ಸೋಪಿನ ಅಂಶವಾಗಲಿ ಎಣ್ಣೆಯ ಜಿಡ್ಡಾಗಲಿ ಉಳಿದಿರಬಾರದು. ಜಿಡ್ಡಿದ್ದರೆ ನೊರೆ ನಿಲ್ಲುವುದಿಲ್ಲ. ಲೋಟ ಓರೆ ಹಿಡಿದು ಸುರಿಯಿರಿ, ಕೊನೆಗೆ ನೆಟ್ಟಗೆ ಮಾಡಿ ನೊರೆ ಬರಿಸಿರಿ. ಲಾಗರ್ ಮೊದಲು, ಆಮೇಲೆ ಗೋದಿ, ಆಮೇಲೆ ಐಪಿಎ, ಕೊನೆಗೆ ಸ್ಟೌಟ್. ಕಹಿಯನ್ನೂ ಕಪ್ಪನ್ನೂ ಮೊದಲೇ ಕುಡಿದರೆ ತಿಳಿಯಾದದ್ದು ಸಪ್ಪೆ ಎನಿಸುತ್ತದೆ. ತೀರಾ ತಣ್ಣಗಿದ್ದರೆ ನಾಲಗೆ ಮರಗಟ್ಟುತ್ತದೆ, ಪರಿಮಳ ಏಳುವುದಿಲ್ಲ. ಲಾಗರಿಗೆ ಫ್ರಿಜ್ಜಿನ ತಂಪು ಸರಿ. ಸ್ಟೌಟನ್ನು ಹೊರತೆಗೆದು ಕಾಲು ಗಂಟೆ ಇಟ್ಟು ಸುರಿದರೆ ಲೇಸು. ಮೊದಲು ಬಣ್ಣ ನೋಡಿ, ಮೂಗಿಗೆ ಹಿಡಿದು ಮೂಸಿ, ಒಂದು ಗುಟುಕನ್ನು ಬಾಯಲ್ಲಿ ಸುತ್ತಾಡಿಸಿ ನುಂಗಿ. ನುಂಗಿದ ಮೇಲೆ ಏನು ಉಳಿಯಿತು ಎಂದು ಅರೆಗಳಿಗೆ ಕಾಯಿರಿ. ಒಬ್ಬರಿಗೊಬ್ಬರು ಹೇಳುವ ಮೊದಲು ಅವರವರ ಚೀಟಿಯಲ್ಲಿ ಎರಡು ಪದ ಬರೆದುಕೊಳ್ಳಿ. ಒಬ್ಬನಿಗೆ ಬಾಳೆಹಣ್ಣು, ಇನ್ನೊಬ್ಬನಿಗೆ ಹಲಸಿನಹಣ್ಣು ಎನಿಸಬಹುದು. ಅದೇ ಈ ಆಟದ ಸ್ವಾರಸ್ಯ. ನಡುನಡುವೆ ನೀರು, ಒಂದು ತುಂಡು ಬ್ರೆಡ್ಡು. ಮಸಾಲೆಯ ಚಕ್ಲಿ, ಹುರಿದ ಬಂಗುಡೆ ಎಲ್ಲ ರುಚಿ ನೋಡಿ ಮುಗಿದ ಮೇಲೆ. ಬಾಟಲಿಯ ಮೇಲಿನ ತಯಾರಿಕೆಯ ತಾರೀಕು ನೋಡುವುದನ್ನು ಮರೆಯಬೇಡಿ. ಸಾಮಾನ್ಯ ಬೀರು ಇಟ್ಟಷ್ಟು ಹಳಸುತ್ತದೆ. ಬಿಸಿಲು ಬಿದ್ದರೂ ಹಾಪ್ಸ್ ಕೆಟ್ಟು ನಾತ ಬರುತ್ತದೆ. ಹಸಿರು ಗಾಜಿಗಿಂತ ಕಂದು ಗಾಜು ಒಳ್ಳೆಯದೆನ್ನುವುದು ಅದಕ್ಕೇ.

ಕುಡಿಯದವರು ಈ ಲೇಖನ ಓದಿ ಶುರುಮಾಡಬೇಕಾಗಿಲ್ಲ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಬೀರು ತಂಪು ಎಂಬ ಮಾತಿಗೂ ಆಧಾರವಿಲ್ಲ. ಅದು ದೇಹದ ನೀರನ್ನು ಹೊರಗೆ ಹಾಕುತ್ತದೆ. ರುಚಿ ನೋಡಿದ ದಿನವೂ ಮನೆಗೆ ಲೋಕಲ್ ರೈಲೋ ರಿಕ್ಷಾವೋ ಹಿಡಿಯುವುದು. ಇದರಲ್ಲಿ ರಾಜಿ ಬೇಡ.

ಆದರೆ ಕುಡಿಯುವವರು, ಮುಂದಿನ ಸಲ ಮೇಜಿಗೆ ಕುಳಿತಾಗ "ಸ್ಟ್ರಾಂಗ್ ಒಂದು" ಎನ್ನುವ ಮೊದಲು ಮೂರು ಪ್ರಶ್ನೆ ಕೇಳಿ ನೋಡಿ: ಇದು ಯಾವ ಬಗೆಯದು? ಮದ್ಯಸಾರ ಶೇಕಡಾ ಎಷ್ಟು? ತಯಾರಾದದ್ದು ಯಾವಾಗ? ಉತ್ತರ ಕೊಡಲು ಬಂದ ಹುಡುಗ ನಮ್ಮೂರ ಕಡೆಯವನೇ ಆಗಿರಬಹುದು. ಅವನಿಗೂ ಈ ಮೂರು ಉತ್ತರ ಗೊತ್ತಿದ್ದರೆ ಕಸುಬಿನಲ್ಲಿ ಒಂದು ಮೆಟ್ಟಿಲು ಮೇಲೆ ಹೋಗುತ್ತಾನೆ.